ಹತ್ತು ನಿಮಿಷಕ್ಕೆ ಒಂದು ದಿನ ಕಳೆಯಬೇಕೆ?

‘ಎಂಟು ದಿನ ಬಿಟ್ಟು ಬನ್ನಿ’ ಎಂದು ಟೈಲರ್ ಹೇಳಿದರೆ ನಾವು ಮುಂದಿನ ವಾರ ಅದೇ ದಿನ ಅಂಗಡಿ ಮುಂದೆ ನಿಂತಿರುತ್ತೇವೆ. ಸೋಮವಾರ ಹೇಳಿದ್ದರೆ ಸೋಮವಾರವೇ. ನಿಜವಾಗಿ ಕಳೆದಿರುವುದು ಏಳು ದಿನ. ಬಟ್ಟೆ ಕೊಟ್ಟ ದಿನವನ್ನೂ ತರುವ ದಿನವನ್ನೂ ಸೇರಿಸಿ ಎಣಿಸಿದರೆ ಎಂಟಾಗುತ್ತದೆ. ‘ಹದಿನೈದು ದಿನ’ ಎಂದರೆ ಎರಡು ವಾರ ಎನ್ನುವುದೂ ಇದೇ ಲೆಕ್ಕ. ಇದರಿಂದ ಯಾರಿಗೂ ನಷ್ಟವಾಗಿಲ್ಲ, ಯಾರೂ ಜಗಳವಾಡಿಲ್ಲ.

ಕಂಪ್ಯೂಟರ್ ಸೈನ್ಸ್ ಓದುವ ನಾವು ಸೊನ್ನೆಯಿಂದ ಎಣಿಸುತ್ತೇವೆ. ಲೂಪ್ ಒಂದು ಸಲ ಹೆಚ್ಚು ಓಡಿದರೆ ಪ್ರೋಗ್ರಾಂ ಕೈಕೊಡುತ್ತದೆ, ಲ್ಯಾಬ್ ಪರೀಕ್ಷೆಯಲ್ಲಿ ಒಂದೆರಡು ಅಂಕ ಹೋಗುತ್ತದೆ. ಇದೇ ಒಂದರ ವ್ಯತ್ಯಾಸ ಪಾಸ್‌ಪೋರ್ಟಿನಲ್ಲಿ ಬಂದರೆ ದಂಡ ಕಟ್ಟಬೇಕು, ಹೆಸರು ದಾಖಲೆಗೆ ಹೋಗುತ್ತದೆ, ಕೆಲವೊಮ್ಮೆ ಮುಂದಿನ ವೀಸಾವೇ ಕೈತಪ್ಪುತ್ತದೆ. ಎಂ.ಎಸ್. ಮಾಡಬೇಕು, ಆನ್‌ಸೈಟ್ ಹೋಗಬೇಕು, ದುಬೈಗೆ ಹೋಗಿ ಕೆಲಸ ಹುಡುಕಬೇಕು ಎಂದು ಕನಸು ಕಾಣುವ ನಮ್ಮ ವಯಸ್ಸಿನವರು ಐಇಎಲ್‌ಟಿಎಸ್‌ಗೆ ತಿಂಗಳುಗಟ್ಟಲೆ ಓದುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಓಡಾಡುತ್ತಾರೆ. ದಿನ ಎಣಿಸುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಒಂದನೇ ಕ್ಲಾಸಿನ ವಿದ್ಯೆಯಲ್ಲವೇ ಎನಿಸಬಹುದು. ಅಷ್ಟು ಸುಲಭವಿಲ್ಲ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಸುಮಾರು ಮೂರೂವರೆ ನಾಲ್ಕು ಗಂಟೆಯ ಹಾರಾಟ. ಥಾಯ್ಲೆಂಡ್‌ನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಮೇ 31ರ ಸಂಜೆ ಆರೂವರೆಗೆ ಇಲ್ಲಿಂದ ಹೊರಟ ವಿಮಾನ ಮೂರೂವರೆ ಗಂಟೆಯಲ್ಲಿ ತಲುಪಿತು ಎಂದುಕೊಳ್ಳಿ. ನಮ್ಮ ಮನೆಯಲ್ಲಿ ಆಗಿನ್ನೂ ರಾತ್ರಿ ಹತ್ತು ಗಂಟೆ, ಊಟ ಮುಗಿದು ಟಿವಿ ನಡೆಯುತ್ತಿರುತ್ತದೆ. ಅಲ್ಲಿ ಹನ್ನೊಂದೂವರೆ. ಮುಂದಿನ ಸಾಲಿನಲ್ಲಿ ಕೂತವನು ಬೇಗ ಇಳಿದು, ಚುರುಕಾಗಿ ನಡೆದು, ಹನ್ನೊಂದು ಐವತ್ತೈದಕ್ಕೆ ಇಮಿಗ್ರೇಷನ್ ಕೌಂಟರ್ ಮುಟ್ಟುತ್ತಾನೆ. ಅವನ ಪಾಸ್‌ಪೋರ್ಟಿಗೆ ಮೇ 31ರ ಮೊಹರು ಬೀಳುತ್ತದೆ. ಕೊನೆಯ ಸಾಲಿನವನು ಕ್ಯೂನಲ್ಲಿ ನಿಂತು ಹನ್ನೆರಡು ಹತ್ತಕ್ಕೆ ಕೌಂಟರ್‌ಗೆ ಬರುತ್ತಾನೆ. ಅವನಿಗೆ ಜೂನ್ 1. ಇಬ್ಬರೂ ಬಂದದ್ದು ಒಂದೇ ವಿಮಾನದಲ್ಲಿ. ವಿಮಾನ ನೆಲ ಮುಟ್ಟಿದ ಹೊತ್ತು ಟಿಕೆಟ್‌ನಲ್ಲಿರಬಹುದು. ದಿನದ ಲೆಕ್ಕ ಶುರುವಾಗುವುದು ಅಧಿಕಾರಿ ಮೊಹರು ಒತ್ತಿದ ಹೊತ್ತಿನಿಂದ.

ಥಾಯ್ಲೆಂಡ್‌ನಲ್ಲಿ ಬಂದ ದಿನವೇ ಮೊದಲ ದಿನ. ಮೂವತ್ತು ದಿನದ ಅನುಮತಿ ಇದ್ದರೆ ಮೊದಲಿನವನ ಕೊನೆಯ ದಿನ ಜೂನ್ 29, ಎರಡನೆಯವನದು ಜೂನ್ 30. ಅಂದರೆ ಮೊದಲಿನವನು ಐದು ನಿಮಿಷಕ್ಕೆ ಒಂದು ಪೂರ್ತಿ ದಿನ ತೆತ್ತ ಹಾಗಾಯಿತು. 2024ರ ಜುಲೈ 15ರಿಂದ ಆ ದೇಶ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಅವಕಾಶ ಕೊಟ್ಟಿತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಬೇಕು. ಆದರೆ ಮೂವತ್ತಿರಲಿ, ಅರವತ್ತಿರಲಿ, ಮಧ್ಯರಾತ್ರಿಯ ಗೆರೆ ಮಾತ್ರ ಅಲ್ಲೇ ಇರುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000 ಬಾತ್. ಯುಎಇಯಲ್ಲಿ ದಿನಕ್ಕೆ 50 ದಿರ್ಹಾಂ. ಮಂಗಳೂರಿನಿಂದ ವಿಸಿಟ್ ವೀಸಾ ಮೇಲೆ ದುಬೈಗೆ ಹೋಗಿ, ಬೆಡ್ ಸ್ಪೇಸ್ ಹಿಡಿದು, ಕೆಲಸ ಹುಡುಕುವ ಹುಡುಗನಿಗೆ ಕೊನೆಯ ಎರಡು ದಿನ ಎಷ್ಟು ಮುಖ್ಯ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇಂಟರ್‌ವ್ಯೂ ಕರೆ ಬರುವುದೇ ಆಗ.

ಎಲ್ಲ ದೇಶಗಳೂ ಒಂದೇ ರೀತಿ ಎಣಿಸಿದರೆ ಒಂದು ಸಲ ಕಲಿತು ಸುಮ್ಮನಾಗಬಹುದಿತ್ತು. ಹಾಗಿಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ ಒಳಗೆ ಬಂದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಟೈಲರ್‌ನ ಎಂಟು ದಿನದ ಹಾಗೆಯೇ. ಅಲ್ಲಿ ರಾತ್ರಿ ಹನ್ನೊಂದು ಐವತ್ತಕ್ಕೆ ಒಳಬಂದರೂ ಆ ಹತ್ತು ನಿಮಿಷ ಒಂದು ದಿನ. ಜಪಾನ್‌ನಲ್ಲಿ ಇದಕ್ಕೆ ವಿರುದ್ಧ. ಬಂದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸುತ್ತಾರೆ. ಚೀನಾ ಕೆಲವು ದೇಶಗಳವರಿಗೆ ಕೊಡುವ 240 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯದಲ್ಲೂ ಗಂಟೆ ಓಡಲು ಶುರುವಾಗುವುದು ಬಂದ ದಿನ ಮುಗಿದು ಮಧ್ಯರಾತ್ರಿ ಹನ್ನೆರಡಾದ ಮೇಲೆ. ಆ ಪಟ್ಟಿಯಲ್ಲಿ ಭಾರತ ಇಲ್ಲ, ಅದು ಬೇರೆ ಮಾತು. ವಿಯೆಟ್ನಾಂನ ಇ-ವೀಸಾದಲ್ಲಿ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಎಂದು ಮೊದಲೇ ಬರೆದಿರುತ್ತದೆ. ನೀವು ನಾಲ್ಕು ದಿನ ತಡವಾಗಿ ಹೋದರೆ ನಾಲ್ಕು ದಿನ ನಷ್ಟ, ಕೊನೆಯ ದಿನಾಂಕ ಅಲ್ಲಾಡುವುದಿಲ್ಲ.

ಅಮೆರಿಕದ್ದು ಇನ್ನೊಂದು ಬಗೆ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಹತ್ತು ವರ್ಷದ್ದಿರಬಹುದು. ಅದು ಬಾಗಿಲ ತನಕ ಹೋಗಲು ಸಿಕ್ಕ ಚೀಟಿ ಅಷ್ಟೆ. ಒಳಗೆ ಎಷ್ಟು ದಿನ ಇರಬಹುದು ಎಂಬುದನ್ನು ಐ-94 ಎಂಬ ದಾಖಲೆ ಹೇಳುತ್ತದೆ. ಮಗಳ ಬಾಣಂತನಕ್ಕೆಂದು ಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ‘ನಮಗೆ ಹತ್ತು ವರ್ಷದ ವೀಸಾ ಇದೆ’ ಎಂದು ನಿಶ್ಚಿಂತೆಯಿಂದ ಇರುವವರನ್ನು ನಾನೇ ಕಂಡಿದ್ದೇನೆ. ಐ-94ರ ದಿನಾಂಕ ಒಂದೇ ದಿನ ಮೀರಿದರೂ ಆ ಹತ್ತು ವರ್ಷದ ವೀಸಾ ತಾನಾಗಿಯೇ ರದ್ದಾಗುವ ನಿಯಮ ಅಲ್ಲಿದೆ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ.

ಈ ಗೊಂದಲ ಎಷ್ಟು ಸಹಜ ಎಂಬುದಕ್ಕೆ ನನಗೆ ಪರಿಚಯವಿರುವ ಸೀನಿಯರ್ ಒಬ್ಬರ ತಂಡದ ಅನುಭವ ಸಾಕ್ಷಿ. ವಿದ್ಯಾರ್ಥಿಗಳೇ ಕಟ್ಟಿದ ರೇಸ್ ಕಾರುಗಳ ಸ್ಪರ್ಧೆಗೆಂದು ಅವರು ಜರ್ಮನಿಗೆ ಹೋಗಿದ್ದರು. ವೀಸಾದಲ್ಲಿ ವಾಸದ ಅವಧಿ 15 ದಿನ ಎಂದಿತ್ತು. ಆಗಸ್ಟ್ 4ರ ರಾತ್ರಿ ಹತ್ತೂವರೆಯ ಮೇಲೆ ಇಳಿದು, ಅದೇ ರಾತ್ರಿ ಮೊಹರು ಹಾಕಿಸಿಕೊಂಡು ಹೊರಬಂದಿದ್ದರು. ಟ್ರಾವೆಲ್ ಏಜೆಂಟ್ ವಾಪಸ್ ಟಿಕೆಟ್ ಮಾಡಿಸಿದ್ದು 19ರ ಬೆಳಿಗ್ಗೆಗೆ. ‘ರಾತ್ರಿ ಇಳೀತೀರಿ, ಅದನ್ಯಾಕೆ ಲೆಕ್ಕಕ್ಕೆ ಹಿಡೀಬೇಕು? ಐದರಿಂದ ಹತ್ತೊಂಬತ್ತು, ಸರಿಯಾಗಿ ಹದಿನೈದು ದಿನ’ ಎಂದು ಆತ ಹೇಳಿದ್ದನಂತೆ. ಷೆಂಗೆನ್ ಲೆಕ್ಕದಲ್ಲಿ ಹದಿನೈದನೇ ದಿನ ಆಗಸ್ಟ್ 18. ಮೇಲಾಗಿ ಅದೇ ವೀಸಾದಲ್ಲಿ ಸೆಪ್ಟೆಂಬರ್‌ನ ದಿನಾಂಕವೊಂದು ‘ಇಲ್ಲಿಯವರೆಗೆ’ ಎಂದು ಅಚ್ಚಾಗಿತ್ತು. ಅದು ವೀಸಾ ಬಳಸಬಹುದಾದ ಅವಧಿಯ ಕೊನೆ. ಆ ಅವಧಿಯೊಳಗೆ ಇರಬಹುದಾದದ್ದು ಹದಿನೈದೇ ದಿನ. ಹೊರಡುವ ಎರಡು ದಿನ ಮೊದಲು ತಂಡದಲ್ಲೊಬ್ಬರು ಬೆರಳು ಮಡಚಿ ಎಣಿಸಿದ್ದರಿಂದ ಬಚಾವಾದರು. ಆದರೂ ಟಿಕೆಟ್ ಬದಲಿಸಲು ಎಲ್ಲರೂ ಕೈಯಿಂದ ದುಡ್ಡು ಕಟ್ಟಬೇಕಾಯಿತು. ಅವರಲ್ಲಿ ಕೆಲವರನ್ನು ಮನೆಯವರು ಸಾಲ ಮಾಡಿ ಕಳಿಸಿದ್ದರು. ಏಜೆಂಟ್ ಒಂದು ರೂಪಾಯಿಯನ್ನೂ ಬಿಟ್ಟುಕೊಡಲಿಲ್ಲ.

‘ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕೆ? ಬೇಗ ವಾಪಸ್ ಬಂದರಾಯಿತು’ ಎಂದು ಹೇಳುವವರಿದ್ದಾರೆ. ಕೆಲವು ಪ್ರಯಾಣಿಕರು ಜಾಣತನವನ್ನೂ ಹೇಳಿಕೊಡುತ್ತಾರೆ: ಹನ್ನೊಂದು ಮುಕ್ಕಾಲಿಗೆ ಇಳಿದರೆ ಕೌಂಟರ್‌ಗೆ ಹೋಗಬೇಡ, ವಾಷ್‌ರೂಂ ಕಡೆ ಒಂದು ಸುತ್ತು ಹಾಕಿ, ಹನ್ನೆರಡು ದಾಟಿದ ಮೇಲೆ ಕ್ಯೂನಲ್ಲಿ ನಿಲ್ಲು, ಒಂದು ದಿನ ಉಚಿತ! ಇದನ್ನು ಅಪರಾಧ ಎನ್ನಲಾರೆ. ಆದರೆ ಇದನ್ನೇ ನಂಬಿ ವಾಪಸ್ ಟಿಕೆಟ್ ಮಾಡಿಸುವುದು ದಡ್ಡತನ. ಅವತ್ತು ವಿಮಾನ ಅರ್ಧ ಗಂಟೆ ಮೊದಲೇ ಇಳಿದು, ಕ್ಯೂ ಖಾಲಿ ಇದ್ದು, ಸಿಬ್ಬಂದಿ ಬಂದು ‘ಮುಂದೆ ನಡೆಯಿರಿ’ ಎಂದರೆ ನಿಮ್ಮ ಉಚಿತ ದಿನ ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತೂ ಇದೆ. ಇಂಥ ಉಪಾಯ ಹುಡುಕುವಂತೆ ಜನರನ್ನು ಮಾಡುವ ನಿಯಮದಲ್ಲೇ ಏನೋ ಐಬಿದೆ.

ಆ ಐಬು ಯಾವುದು? ದಿನ ಎಂಬ ಅಳತೆಯನ್ನು ಬಳಸುವಾಗ ಹತ್ತು ನಿಮಿಷವನ್ನೂ ಇಪ್ಪತ್ತನಾಲ್ಕು ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು. ಗಂಟೆ ನಿಮಿಷ ಹಿಡಿದು ಎಣಿಸಿ ಎಂದು ನಾನು ಹೇಳುತ್ತಿಲ್ಲ. ದಿನಾಂಕದ ಲೆಕ್ಕ ಸರಳ, ಅಧಿಕಾರಿಗೂ ಅನುಕೂಲ. ಎಲ್ಲಿ ಗೆರೆ ಎಳೆದರೂ ಅದರ ಆಚೆ ಬದಿಗೆ ಒಬ್ಬ ಸಿಕ್ಕಿಬೀಳುತ್ತಾನೆ ಎಂಬುದೂ ನಿಜ. ಆದರೆ ಗೆರೆ ಎಳೆಯುವಾಗ ಯಾರ ಕಡೆ ವಾಲಬೇಕು ಎಂಬ ಆಯ್ಕೆ ಇದೆಯಲ್ಲ? ಬಂದ ದಿನವನ್ನು ಸೊನ್ನೆ ಎಂದು ಹಿಡಿದು ಮರುದಿನದಿಂದ ಎಣಿಸಿದರೆ ಸರ್ಕಾರಕ್ಕೆ ಖರ್ಚಿಲ್ಲ. ಬೆಳಿಗ್ಗೆ ಬಂದವನಿಗೆ ಸ್ವಲ್ಪ ಹೆಚ್ಚು ಸಿಗುತ್ತದೆ, ರಾತ್ರಿ ಬಂದವನಿಗೆ ಅನ್ಯಾಯವಾಗುವುದಿಲ್ಲ. ಜಪಾನ್ ಮಾಡುತ್ತಿರುವುದು ಇದನ್ನೇ.

ನಮ್ಮ ಕಾನೂನಿಗೂ ಈ ವಿಚಾರ ಹೊಸದಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟ್‌ನ 9ನೇ ಸೆಕ್ಷನ್ ಪ್ರಕಾರ ಕಾಯ್ದೆಯಲ್ಲಿ ಇಂಥ ದಿನ‘ದಿಂದ’ ಎಂದು ಬರೆದರೆ ಆ ಮೊದಲ ದಿನವನ್ನು ಬಿಟ್ಟು ಎಣಿಸಬಹುದು. ಆದಾಯ ತೆರಿಗೆಯಲ್ಲಿ 182 ದಿನಗಳ ಪ್ರಶ್ನೆ ಬರುತ್ತದೆ. ಒಂದು ಆರ್ಥಿಕ ವರ್ಷದಲ್ಲಿ ಅಷ್ಟು ದಿನ ಭಾರತದಲ್ಲಿದ್ದರೆ ನೀವು ತೆರಿಗೆಯ ಮಟ್ಟಿಗೆ ಇಲ್ಲಿನ ನಿವಾಸಿ. ಹೊರದೇಶದಿಂದ ರಜೆಗೆ ಬಂದು ಹೋಗುವವರಿಗೆ ಒಂದೆರಡು ದಿನದ ವ್ಯತ್ಯಾಸದಲ್ಲಿ ತೆರಿಗೆಯ ಚಿತ್ರವೇ ಬದಲಾಗಬಹುದು. ಭಾರತಕ್ಕೆ ಬಂದಿಳಿದ ದಿನವನ್ನು ಎಣಿಸಬೇಕೋ ಬೇಡವೋ ಎಂಬ ವ್ಯಾಜ್ಯ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂದೆಯೂ ಬಂದಿತ್ತು. ಬಂದ ದಿನವನ್ನು ಬಿಡಬೇಕು ಎಂದು ಅದು ಹೇಳಿತು. ಓದು ಬರಹ ಬಲ್ಲವರು, ಲೆಕ್ಕ ಪರಿಶೋಧಕರು, ವಕೀಲರು ಎಲ್ಲರೂ ಕೂತು ವಾದಿಸಿದ ಪ್ರಶ್ನೆ ಇದು. ಹಾಗಿರುವಾಗ ಮೊದಲ ಬಾರಿ ವಿಮಾನ ಹತ್ತಿದ ಇಪ್ಪತ್ತರ ಹುಡುಗಿ ತಪ್ಪೆಣಿಸಿದರೆ ‘ನಿಯಮ ಓದಿಲ್ಲವೇ?’ ಎಂದು ಗದರುವುದು ಯಾವ ನ್ಯಾಯ?

ಗಟ್ಟಿ ಪಾಸ್‌ಪೋರ್ಟ್ ಇರುವ ದೇಶದವನಿಗೆ ಒಂದು ದಿನದ ಎಡವಟ್ಟು ಎಷ್ಟೋ ಕಡೆ ಒಂದು ಕಿರಿಕಿರಿ ಮಾತ್ರ. ಅವನು ಮುಂದಿನ ಸಲ ವೀಸಾ ಕೇಳಬೇಕಾಗಿಯೇ ಇಲ್ಲ. ನಾವು ಹಾಗಲ್ಲ. ಪ್ರತಿ ಸಲವೂ ಅರ್ಜಿ, ಶುಲ್ಕ, ಬೆರಳಚ್ಚು, ಸಂದರ್ಶನ. ವೀಸಾ ಅರ್ಜಿಗಳಲ್ಲಿ ಹಿಂದೆ ಎಲ್ಲಾದರೂ ಅವಧಿ ಮೀರಿ ಉಳಿದಿದ್ದೀರಾ ಎಂದು ಕೇಳುತ್ತಾರೆ. ಅಲ್ಲಿ ‘ಹೌದು’ ಎಂದು ಬರೆಯುವಾಗ ‘ಹತ್ತು ನಿಮಿಷದ ವಿಷಯ, ಸಾರ್’ ಎಂದು ವಿವರಿಸಲು ಎದುರಿಗೆ ಯಾರೂ ಇರುವುದಿಲ್ಲ. ಆದ್ದರಿಂದಲೇ ಇದು ಶ್ರೀಮಂತರ ಪ್ರವಾಸದ ಗೋಳು ಎಂದು ನಾನು ಒಪ್ಪುವುದಿಲ್ಲ. ಶ್ರೀಮಂತ ಟಿಕೆಟ್ ಬದಲಿಸಿಕೊಳ್ಳುತ್ತಾನೆ. ಅಗ್ಗದ ಟಿಕೆಟ್ ಹುಡುಕಿ, ಯಾರಿಗೂ ಬೇಡದ ಅಪರಾತ್ರಿಯ ವಿಮಾನ ಹತ್ತುವವರು ನಮ್ಮಂಥವರೇ.

ಈಗ ಇನ್ನೊಂದು ಬದಲಾವಣೆ ಬರುತ್ತಿದೆ: ಮೊಹರೇ ಮಾಯವಾಗುತ್ತಿದೆ. ಷೆಂಗೆನ್ ವಲಯದ 29 ದೇಶಗಳು 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಇಇಎಸ್ ಎಂಬ ಡಿಜಿಟಲ್ ವ್ಯವಸ್ಥೆಗೆ ಹೊರಳಿದವು. ಶಾಯಿಯ ಮೊಹರಿನ ಬದಲು ನಿಮ್ಮ ಮುಖದ ಚಿತ್ರ, ಬೆರಳಚ್ಚು, ಒಳಬಂದ ಮತ್ತು ಹೊರಹೋದ ದಿನಾಂಕ ಕಂಪ್ಯೂಟರ್‌ನಲ್ಲಿ ಕೂರುತ್ತವೆ. ಸಿಂಗಪುರ ಕೂಡ ಮೊಹರು ಬಿಟ್ಟು ಇಮೇಲ್‌ಗೆ ಇ-ಪಾಸ್ ಕಳಿಸುತ್ತದೆ. ಅಮೆರಿಕದ ಐ-94 ವಿಮಾನದಲ್ಲಿ ಬರುವವರಿಗೆ 2013ರಿಂದಲೇ ಆನ್‌ಲೈನ್ ಆಗಿದೆ.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನಾನು ಇದನ್ನು ವಿರೋಧಿಸುವುದಿಲ್ಲ. ಶಾಯಿ ಹರಡುತ್ತದೆ, ಅಂಕಿ ಅಳಿಸುತ್ತದೆ, ಹನ್ನೆರಡು ದಾಟಿದ ಮೇಲೆ ಮೊಹರಿನ ದಿನಾಂಕ ತಿರುಗಿಸಲು ಮರೆತರೆ ತಪ್ಪು ದಿನ ಬೀಳುತ್ತದೆ. ಕಂಪ್ಯೂಟರ್ ಅಂಥ ತಪ್ಪು ಮಾಡಲಿಕ್ಕಿಲ್ಲ. ಆದರೆ ಕಂಪ್ಯೂಟರ್ ದಯೆಯನ್ನೂ ತೋರಿಸುವುದಿಲ್ಲ. ಮೊಹರು ನೋಡಿ ‘ಒಂದೇ ದಿನ ತಾನೇ, ಹೋಗು’ ಎನ್ನುವ ಅಧಿಕಾರಿ ಇನ್ನು ಅಪರೂಪವಾಗುತ್ತಾನೆ. ಪರದೆಯ ಮೇಲೆ ಕೆಂಪು ಗುರುತು ಬಂದರೆ ಬಂತು. ಜೊತೆಗೆ, ಮೊಹರು ನಮ್ಮ ಕೈಯಲ್ಲಿದ್ದ ಸಾಕ್ಷಿ. ಸರ್ವರ್‌ನಲ್ಲಿರುವ ದಾಖಲೆ ಅವರ ಕೈಯಲ್ಲಿರುವ ಸಾಕ್ಷಿ. ಎಣಿಕೆ ಯಂತ್ರಕ್ಕೆ ಹೋದ ಮೇಲೆ ಅದರ ಫಲಿತಾಂಶವನ್ನು ಪ್ರಯಾಣಿಕನಿಗೆ ಹೇಳಲು ಯಾವ ಕಷ್ಟ? ‘ನೀವು ಹೊರಡಬೇಕಾದ ಕೊನೆಯ ದಿನ ಇಂಥದ್ದು’ ಎಂಬ ಒಂದು ಸಾಲಿನ ಸಂದೇಶವನ್ನು ಪ್ರತಿ ದೇಶವೂ ಕೌಂಟರ್ ದಾಟಿದ ಕೂಡಲೇ ಮೊಬೈಲ್‌ಗೋ ಇಮೇಲ್‌ಗೋ ಕಳಿಸಬೇಕು. ಥಾಯ್ಲೆಂಡ್‌ನ ಮೊಹರಿನಲ್ಲಿ ಆ ಕೊನೆಯ ದಿನಾಂಕ ಇರುತ್ತದೆ. ಷೆಂಗೆನ್ ಮೊಹರಿನಲ್ಲಿ ಬಂದ ದಿನಾಂಕ ಮಾತ್ರ ಇರುತ್ತಿತ್ತು, ಉಳಿದ ಲೆಕ್ಕ ನಿಮ್ಮದು. ಡಿಜಿಟಲ್ ಆದ ಮೇಲೂ ಲೆಕ್ಕ ನಮ್ಮದೇ ಆಗಿ ಉಳಿದರೆ ಅಷ್ಟೆಲ್ಲ ತಂತ್ರಜ್ಞಾನ ಯಾರಿಗಾಗಿ?

ಹೊರದೇಶದವರನ್ನು ದೂರುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಬೆಂಗಳೂರು, ಮೈಸೂರು, ಮಣಿಪಾಲದ ಕಾಲೇಜುಗಳಲ್ಲಿ ಹೊರದೇಶದ ಎಷ್ಟೋ ವಿದ್ಯಾರ್ಥಿಗಳು ನಮ್ಮ ಜೊತೆ ಓದುತ್ತಾರೆ. 180 ದಿನಕ್ಕಿಂತ ದೀರ್ಘ ಅವಧಿಯ ವಿದ್ಯಾರ್ಥಿ ವೀಸಾದಲ್ಲಿ ಬಂದವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಬೇಕು. ಹೊಸ ಊರು, ಬಾಡಿಗೆ ಕರಾರು, ಕಾಲೇಜಿನ ಪತ್ರ ಎಂದು ಅಲೆಯುವಷ್ಟರಲ್ಲಿ ಆ 14 ದಿನ ಕರಗಿರುತ್ತದೆ. ಅವರಿಗೂ ಬಂದ ರಾತ್ರಿ ಯಾವ ದಿನಕ್ಕೆ ಸೇರಿತು ಎಂಬುದು ಮುಖ್ಯ. ಕೊನೆಯ ದಿನಾಂಕವನ್ನು ಬರೆದು ಕೈಗೆ ಕೊಡುವ ಕೆಲಸವನ್ನು ನಮ್ಮ ವಿಮಾನ ನಿಲ್ದಾಣಗಳಿಂದಲೇ ಆರಂಭಿಸಬಹುದಲ್ಲ?

ನಿಯಮ ಬದಲಾಗುವವರೆಗೆ ನಾವು ಮಾಡಬಹುದಾದದ್ದು ಇಷ್ಟಿದೆ. ಟಿಕೆಟ್ ಮಾಡಿಸುವಾಗ ಇಳಿಯುವ ಊರಿನ ಗಡಿಯಾರ ನೋಡಿ. ರಾತ್ರಿ ಹತ್ತರಿಂದ ಎರಡರೊಳಗೆ ಇಳಿಯುವುದಿದ್ದರೆ ಮುಂಚಿನ ದಿನಾಂಕವನ್ನೇ ಮೊದಲ ದಿನ ಎಂದು ಹಿಡಿಯಿರಿ. ವೀಸಾದ ಅವಧಿ ಬೇರೆ, ವಾಸದ ಅವಧಿ ಬೇರೆ ಎಂಬುದನ್ನು ಮರೆಯಬೇಡಿ. ತಿಂಗಳು ಎಂದರೆ ಮೂವತ್ತು ದಿನ ಎಂದುಕೊಳ್ಳಬೇಡಿ, ಮೂವತ್ತು ದಿನ ಎಂದರೆ ತಿಂಗಳು ಎಂದೂ ಅಲ್ಲ. ಕೌಂಟರ್ ಬಿಡುವ ಮುಂಚೆ ಮೊಹರು ನೋಡಿ. ತಪ್ಪಿದ್ದರೆ ಅಲ್ಲೇ ಕೇಳಿ, ಆಚೆ ಬಂದ ಮೇಲೆ ಕೇಳುವುದು ಬಲು ಕಷ್ಟ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ವಾಪಸ್ ವಿಮಾನ ಮಧ್ಯರಾತ್ರಿಯ ಆಸುಪಾಸಿನಲ್ಲಿದ್ದರೆ ಹೊರಹೋಗುವ ಮೊಹರು ಯಾವ ದಿನಾಂಕದಲ್ಲಿ ಬೀಳುತ್ತದೆ ಎಂದು ಯೋಚಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ದಿನಕ್ಕೆ ಟಿಕೆಟ್ ಮಾಡಿಸಬೇಡಿ. ಎರಡು ದಿನ ಕೈಯಲ್ಲಿರಲಿ. ವಿಮಾನ ರದ್ದಾದರೆ, ಜ್ವರ ಬಂದರೆ ಆ ಎರಡು ದಿನವೇ ಕಾಯುತ್ತವೆ.

ನಮ್ಮ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಟೈ ಕಟ್ಟುವುದು ಹೇಗೆ, ಕೈ ಕುಲುಕುವುದು ಹೇಗೆ ಎಂದು ತರಬೇತಿ ಕೊಡುತ್ತವೆ. ಅದರಲ್ಲಿ ಒಂದು ಗಂಟೆಯನ್ನು ಪಾಸ್‌ಪೋರ್ಟ್ ಓದುವುದಕ್ಕೆ ಮೀಸಲಿಡಲಿ. ನಾಲ್ಕು ವೀಸಾಗಳ ಮಾದರಿ ತೋರಿಸಿ, ‘ಈತ ರಾತ್ರಿ 11.50ಕ್ಕೆ ಬಂದ, ಯಾವತ್ತು ಹೊರಡಬೇಕು?’ ಎಂದು ಕೇಳಲಿ. ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ರೈಲು ಸೇತುವೆ ದಾಟುವ ಲೆಕ್ಕ ಬಿಡಿಸುವ ನಮಗೆ ಇದು ಬರದೇನಲ್ಲ. ಕೇಳಿದವರಿಲ್ಲ ಅಷ್ಟೆ.

ದೇಶದ ಬಾಗಿಲಲ್ಲಿ ಎಷ್ಟು ದಿನ ಇರಬಹುದು ಎಂದು ನಿರ್ಧರಿಸುವ ಹಕ್ಕು ಆ ದೇಶದ್ದು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊಟ್ಟದ್ದು ಎಷ್ಟು ಎಂದು ಸ್ಪಷ್ಟವಾಗಿ ಹೇಳುವುದು ಅದರ ಕರ್ತವ್ಯ. ಮೂವತ್ತು ದಿನ ಎಂದು ಹೇಳಿ ಇಪ್ಪತ್ತೊಂಬತ್ತು ದಿನ ಹತ್ತು ನಿಮಿಷ ಕೊಡುವುದಾದರೆ, ಆ ಹತ್ತು ನಿಮಿಷವನ್ನಾದರೂ ಬಾಯಿಬಿಟ್ಟು ಹೇಳಲಿ.